ಬಲಮುರಿ ಶಂಖ: ದುಡ್ಡು ಕೊಡುವ ಮುಂಚೆ ಬಾಯೊಳಗೆ ಟಾರ್ಚ್ ಹಾಕಿ ನೋಡಿ

ಆನ್‌ಲೈನ್‌ನಲ್ಲೂ ಕ್ಷೇತ್ರಗಳ ಅಂಗಡಿಗಳಲ್ಲೂ ಅಗ್ಗಕ್ಕೆ ಸಿಗುವ ‘ಬಲಮುರಿ’ ಶಂಖಗಳಲ್ಲಿ ಎಷ್ಟೋ ನಮ್ಮ ಕಡಲಿನವೇ ಅಲ್ಲ. ಅವು ಅಮೆರಿಕದ ಅಟ್ಲಾಂಟಿಕ್ ತೀರ ಮತ್ತು ಮೆಕ್ಸಿಕೊ ಕೊಲ್ಲಿಯ ಬ್ಯುಸಿಕಾನ್ ಎಂಬ ಕಡಲ ಬಸವನಹುಳುವಿನ ಚಿಪ್ಪುಗಳು. ಆ ಹುಳುವಿನ ಚಿಪ್ಪು ಸಹಜವಾಗಿಯೇ ಬಲಮುರಿಯ ದಿಕ್ಕಿಗೆ ಸುತ್ತುತ್ತದೆ, ಅದರಲ್ಲಿ ಅಪರೂಪವೇನಿಲ್ಲ. ಪೂಜೆಯ ಶಂಖ ಮನ್ನಾರ್ ಕೊಲ್ಲಿಯಲ್ಲಿ ಸಿಗುವ ಟರ್ಬಿನೆಲ್ಲ ಪೈರಮ್ ಎಂಬ ಜಾತಿಯದು. ಲ್ಯಾಟಿನ್‌ನಲ್ಲಿ ಟರ್ಬೊ ಎಂದರೆ ಬುಗುರಿ, ಪಿರಮ್ ಎಂದರೆ ಪೇರ್ ಹಣ್ಣು. ಆಕಾರಕ್ಕೆ ತಕ್ಕ ಹೆಸರು. ಈ ಜಾತಿಯಲ್ಲಿ ಬಲಮುರಿ ಹುಟ್ಟುವುದು ತೀರಾ ವಿರಳ.

ಎಡ-ಬಲದ ಗೊಂದಲಕ್ಕೆ ಕಾರಣ ಹಿಡಿಯುವ ರೀತಿ. ಸುರುಳಿಯ ತುದಿ ಮೇಲಿದ್ದು ಬಾಯಿ ನಮ್ಮ ಎಡಕ್ಕೆ ಬಂದರೆ ವಿಜ್ಞಾನಿಗಳು ಅದನ್ನು ಎಡಸುತ್ತು ಎನ್ನುತ್ತಾರೆ. ಸಂಪ್ರದಾಯದಲ್ಲಿ ಅದರ ಎದುರು ತುದಿಯ ಉದ್ದನೆಯ ಮೂತಿ ಮೇಲೆ. ಆಗ ಅದೇ ಬಾಯಿ ಬಲಕ್ಕೆ ಬರುತ್ತದೆ, ಅದೇ ಬಲಮುರಿ. ಹಿಡಿಯುವ ಬಗೆ ತಿಳಿಸದೆ ಬರೀ ದಿಕ್ಕು ಬರೆದಿರುವ ವಿವರಣೆಯನ್ನು ನಂಬಬೇಡಿ.

ದಿಕ್ಕು ಸರಿಯಿದ್ದ ಮಾತ್ರಕ್ಕೆ ಶಂಖ ಅಸಲಿಯಾಗುವುದಿಲ್ಲ. ಸುರುಳಿಗಳೆಲ್ಲ ಸುತ್ತಿಕೊಂಡಿರುವ ನಡುಗಂಬಕ್ಕೆ ಕಾಲ್ಯುಮೆಲ್ಲ ಎಂದು ಹೆಸರು, ‘ಚಿಕ್ಕ ಕಂಬ’ ಎಂದೇ ಅರ್ಥ. ಮೊಬೈಲ್ ಟಾರ್ಚ್ ಹಾಕಿ ಬಾಯಿಯ ಒಳಗೋಡೆ ನೋಡಿ, ಬೆರಳಾಡಿಸಿ. ನಮ್ಮ ಶಂಖದ ಕಂಬದ ಮೇಲೆ 3-4 ದಪ್ಪ ಏಣುಗಳು ಅಡ್ಡಲಾಗಿ ಕೈಗೆ ಸಿಗುತ್ತವೆ. ಬ್ಯುಸಿಕಾನ್‌ನಲ್ಲಿ ಆ ಏಣುಗಳಿಲ್ಲ, ಚಿಪ್ಪೂ ಹಗುರ. ಏಣಿಲ್ಲದ್ದಕ್ಕೆ ಬಲಮುರಿಯ ಬೆಲೆ ಖಂಡಿತ ಕೊಡಬೇಡಿ.

ಊದಲು ಬೇಕಿದ್ದರೆ ಸಾಮಾನ್ಯ ಎಡಮುರಿಯೇ ಸಾಕು, ನಮ್ಮ ಮತ ಅದಕ್ಕೇ. 5-6 ಇಂಚಿನದು ತೆಗೆದುಕೊಳ್ಳಿ. ತೀರ ಚಿಕ್ಕದಾದರೆ ಸ್ವರ ಕೀಚಲು. ತುದಿ ಕತ್ತರಿಸಿದ ತೂತು ಸುಮಾರು ಒಂದೂವರೆ ಸೆಂಟಿಮೀಟರ್ ಇರಲಿ, ಅಂಚು ನುಣುಪಾಗಿ ಉಜ್ಜಿರಲಿ. ಒಳಗಿನ ಸುರುಳಿಯ ಚೂರು ಉಳಿದಿದ್ದರೆ ಬರೀ ಗಾಳಿಯ ಸದ್ದು ಬರುತ್ತದೆ, ನಾದ ಏಳುವುದಿಲ್ಲ. ಮೈಮೇಲೆ ಹುಳು ಕೊರೆದ ಸಣ್ಣ ತೂತುಗಳಿಗೆ ಪುಟ್ಟಿ ತುಂಬಿರುವುದೂ ಉಂಟು, ಬೆಳಕಿಗೆ ಹಿಡಿದರೆ ಬಣ್ಣದ ವ್ಯತ್ಯಾಸ ಕಾಣುತ್ತದೆ.

ಹಿತ್ತಾಳೆ ಪಾತ್ರೆ ಜೊತೆ ಶಂಖವನ್ನೂ ಹುಣಸೆಹಣ್ಣು, ನಿಂಬೆಹಣ್ಣು ಹಾಕಿ ಉಜ್ಜಲೇಬೇಡಿ. ಚಿಪ್ಪು ಕ್ಯಾಲ್ಸಿಯಂ ಕಾರ್ಬೊನೇಟ್; ಹುಳಿ ಅದನ್ನು ಕರಗಿಸಿ ಹೊಳಪು ಕಳೆಯುತ್ತದೆ. ಬರೀ ನೀರು, ಮೆದು ಬ್ರಷ್, ಆಮೇಲೆ ಬಾಯಿ ಕೆಳಗೆ ಮಾಡಿ ಒಣಗಿಸಿ.