ಹಾರ್ಡ್‌ಬೂಟ್ ಸ್ನೋಬೋರ್ಡಿಂಗ್: ದುಡ್ಡು ಮೊದಲು ಬೂಟಿಗೆ ಹಾಕಿ

ಹಾರ್ಡ್‌ಬೂಟ್ ಸ್ನೋಬೋರ್ಡಿಂಗ್ ಅಂದರೆ ಗಟ್ಟಿ ಬೂಟ್ ಹಾಕಿ, ಒಂದೇ ಹಲಗೆ ಮೇಲೆ ನಿಂತು ಹಿಮದ ಇಳಿಜಾರಿನಲ್ಲಿ ಜಾರುವ ಆಟ. ಗೇರ್ ಯಾವುದು ಅಂತ ಮೊದಲೇ ಹೇಳಿಬಿಡುತ್ತೇನೆ. ಬೂಟ್ ಆಸ್ಟ್ರಿಯಾದ ಡೀಲಕ್ಸ್ ಕಂಪನಿಯ ಟ್ರ್ಯಾಕ್ ಸರಣಿಯದು, ಅಳತೆ 26.5. ಬೂಟನ್ನು ಬೋರ್ಡಿಗೆ ಹಿಡಿದಿಡುವ ಬೈಂಡಿಂಗ್ ಎಫ್2 ಕಂಪನಿಯದು, ಹಿಮ್ಮಡಿ ಒತ್ತಿದರೆ ಕಚ್ಚಿಕೊಳ್ಳುವ ಇಂಟೆಕ್ ಮಾದರಿ. ಬೋರ್ಡ್ ಅಮೆರಿಕದ ಕೊಲರಾಡೊದ ಡೊನೆಕ್ ಕಂಪನಿ ಮಾಡಿಕೊಟ್ಟದ್ದು: ಉದ್ದ 170 ಸೆಂ.ಮೀ., ನಡುವಿನ ಅಗಲ 20 ಸೆಂ.ಮೀ., ಸೈಡ್‌ಕಟ್ ರೇಡಿಯಸ್ (ಬೋರ್ಡಿನ ಬದಿಯ ಒಳಬಾಗಿನ ತ್ರಿಜ್ಯ) ಸುಮಾರು 12 ಮೀಟರ್. ನನ್ನ ತೂಕ 74 ಕೆಜಿ. ಮನೆ ಡೆನ್ವರ್ ಪಕ್ಕ, ಹೋಗುವುದು ಹೆಚ್ಚಾಗಿ ಲವ್‌ಲ್ಯಾಂಡ್ ಮತ್ತು ಕಾಪರ್ ಮೌಂಟನ್ ಅನ್ನುವ ಸ್ಕೀ ಬೆಟ್ಟಗಳಿಗೆ. ಹಲವು ಸೀಸನ್ ಬಳಸಿದ ಮೇಲೆ ಬರೆಯುತ್ತಿದ್ದೇನೆ. ಹೊಸದರಲ್ಲಿ ಎಲ್ಲ ಗೇರೂ ಚೆನ್ನಾಗಿಯೇ ಕಾಣುತ್ತದೆ. ಸವೆದ ಮೇಲೆ ಹೇಗಿದೆ ಅನ್ನೋದು ತಾನೇ ಬೇಕಾದ್ದು?

ಇದರ ಪರಿಚಯ ಇಲ್ಲದವರಿಗೆ ಎರಡು ಮಾತು. ಸಾಮಾನ್ಯ ಸ್ನೋಬೋರ್ಡ್ ನಡುವಿನಲ್ಲಿ 25 ಸೆಂ.ಮೀ. ಆಸುಪಾಸು ಅಗಲ ಇರುತ್ತದೆ. ಅದರ ಬೂಟ್ ಮೆತ್ತಗಿರುತ್ತದೆ, ಕಾಲು ಬೋರ್ಡಿಗೆ ಹೆಚ್ಚುಕಮ್ಮಿ ಅಡ್ಡವಾಗಿ ನಿಲ್ಲುತ್ತದೆ. ಹಾರ್ಡ್‌ಬೂಟಿಗೆ ಬಳಸುವ ಆಲ್ಪೈನ್ ಬೋರ್ಡ್ ಸಪೂರ. ಅಷ್ಟು ಸಪೂರ ಹಲಗೆ ಮೇಲೆ ಕಾಲು ಅಡ್ಡ ಇಟ್ಟರೆ ಬೆರಳು ಒಂದು ಕಡೆ, ಹಿಮ್ಮಡಿ ಇನ್ನೊಂದು ಕಡೆ ಹೊರಗೆ ಚಾಚುತ್ತದೆ. ಬೋರ್ಡ್ ವಾಲಿಸಿದ ಕೂಡಲೇ ಅದು ಹಿಮಕ್ಕೆ ತಾಗಿ ಬೋರ್ಡಿನ ಲೋಹದ ಅಂಚು, ಅಂದರೆ ಎಡ್ಜ್, ಹಿಡಿತ ಬಿಟ್ಟುಹೋಗುತ್ತದೆ. ಅದಕ್ಕೇ ಕಾಲನ್ನು ಮುಂದಕ್ಕೆ ತಿರುಗಿಸುವುದು. ನನ್ನ ಮುಂದಿನ ಕಾಲು 57 ಡಿಗ್ರಿ, ಹಿಂದಿನದು 54. ಹಾಗೆ ನಿಂತಾಗ ಮೆತ್ತನೆ ಬೂಟಿನಿಂದ ಕೆಲಸ ಆಗುವುದಿಲ್ಲ. ಸ್ಕೀ ಬೂಟಿನಂಥ ಗಟ್ಟಿ ಪ್ಲಾಸ್ಟಿಕ್ ಚಿಪ್ಪು ಬೇಕು. ಮೊಳಕಾಲ ಕೆಳಗಿನ ಮೂಳೆ ಎತ್ತ ಒತ್ತಿತೋ ಬೋರ್ಡ್ ಆಗಲೇ ಅತ್ತ ಏಳುತ್ತದೆ.

ಇಷ್ಟೆಲ್ಲ ಯಾಕೆ ಅಂದರೆ, ಒಂದು ತಿರುವಿಗೋಸ್ಕರ. ಬೋರ್ಡ್ ಪಕ್ಕಕ್ಕೆ ಜಾರದೆ, ತನ್ನ ಎಡ್ಜ್ ಮೇಲೇ ಓಡಿ, ಹಿಂದೆ ಪೆನ್ಸಿಲ್ ಎಳೆದಂಥ ಒಂದೇ ಗೆರೆ ಬಿಡುವ ತಿರುವು. ಇದಕ್ಕೇ ಕಾರ್ವಿಂಗ್ ಅನ್ನುವುದು. 12 ಮೀಟರ್ ರೇಡಿಯಸ್ಸಿನ ಬೋರ್ಡನ್ನು 60 ಡಿಗ್ರಿ ವಾಲಿಸಿದರೆ ತಿರುವು ಸುಮಾರು ಆರು ಮೀಟರಿಗೆ ಇಳಿಯುತ್ತದೆ. ಆಗ ಸೊಂಟ ಹಿಮದಿಂದ ಒಂದು ಗೇಣು ಮೇಲಿರುತ್ತದೆ, ಅಷ್ಟೇ. ಮೈಭಾರ ದುಪ್ಪಟ್ಟಾದ ಹಾಗೆ ತೊಡೆ ನಡುಗುತ್ತದೆ. ಮರುಕ್ಷಣ ಬೋರ್ಡೇ ನಿಮ್ಮನ್ನು ಆಚೆ ಕಡೆಗೆ ಎಸೆಯುತ್ತದೆ. ಇದು ಒಂದು ಸಲ ಸಿಕ್ಕರೆ ಸಾಕು, ಬೇರೆ ಸ್ನೋಬೋರ್ಡಿಂಗ್ ಸಪ್ಪೆ ಅನ್ನಿಸುತ್ತದೆ. ಇದು ಗೇರಿನ ದೋಷ ಅಂತಲೇ ಬರೆದುಕೊಳ್ಳಿ.

ಈಗ ಬೂಟು. ಎಲ್ಲರೂ ಬೋರ್ಡ್ ಬಗ್ಗೆ ಕೇಳುತ್ತಾರೆ, ಬೂಟ್ ಬಗ್ಗೆ ಕೇಳುವವರು ಕಮ್ಮಿ. ನನ್ನ ಪ್ರಕಾರ ನೂರಕ್ಕೆ ಎಪ್ಪತ್ತು ಪಾಲು ಬೂಟೇ. ಬೂಟ್ ಒಳಗೆ ಹಿಮ್ಮಡಿ ಅರ್ಧ ಸೆಂಟಿಮೀಟರ್ ಎದ್ದರೂ ನೀವು ಹೇಳಿದ್ದು ಬೋರ್ಡಿಗೆ ತಡವಾಗಿ ತಲುಪುತ್ತದೆ. ಅಷ್ಟರಲ್ಲಿ ತಿರುವು ಮುಗಿದಿರುತ್ತದೆ.

ಅಳತೆ ನೋಡುವಾಗ ಮಾಮೂಲಿ ಶೂ ನಂಬರ್ ಮರೆತುಬಿಡಿ. ಪಾದದ ಉದ್ದ ಸೆಂಟಿಮೀಟರಿನಲ್ಲಿ ಎಷ್ಟಿದೆಯೋ ಅದೇ ಈ ಬೂಟಿನ ಅಳತೆ. ಒಳಗಿನ ಮೆತ್ತೆ, ಅಂದರೆ ಲೈನರ್ ತೆಗೆದು, ಖಾಲಿ ಚಿಪ್ಪಿಗೆ ಬರಿಗಾಲು ಹಾಕಿ, ಬೆರಳು ಮುಂದಕ್ಕೆ ತಾಗುವ ಹಾಗೆ ನಿಲ್ಲಿ. ಹಿಮ್ಮಡಿ ಹಿಂದೆ ಎರಡು ಬೆರಳು ಹೋಗುವಷ್ಟು ಜಾಗ ಇದ್ದರೆ ಸರಿ. ಮೂರು ಬೆರಳು ಹೋದರೆ ಬೂಟ್ ದೊಡ್ಡದು, ಎಷ್ಟೇ ಹಿತವಾಗಿದ್ದರೂ ವಾಪಸ್ ಕೊಡಿ. ಆಮೇಲೆ ಲೈನರ್ ಕಾಯಿಸಿ, ಕಾಲಿಟ್ಟು, ಬಕಲ್ ಹಾಕಿ ಅಲ್ಲಾಡದೆ ನಿಲ್ಲಬೇಕು. ತಣಿಯುವಾಗ ಅದು ನಿಮ್ಮ ಕಾಲಿನ ಆಕಾರಕ್ಕೆ ಕೂರುತ್ತದೆ. ಇದನ್ನು ಮನೆಯ ಓವನ್‌ನಲ್ಲಿ ಮಾಡುವವರೂ ಇದ್ದಾರೆ. ನನಗೆ ಧೈರ್ಯ ಇಲ್ಲ, ಬೂಟ್ ಫಿಟ್ಟರ್ ಹತ್ತಿರವೇ ಮಾಡಿಸಿದೆ.

ನಮ್ಮವರಿಗೆ ಒಂದು ಮಾತು. ನನ್ನ ಪಾದದ ಮುಂಭಾಗ ಅಗಲ. ಚಿಕ್ಕಂದಿನಿಂದ ಬರಿಗಾಲು, ಇಲ್ಲಾಂದ್ರೆ ಹವಾಯಿ ಚಪ್ಪಲಿ, ಅದಕ್ಕೋ ಏನೋ. ಯುರೋಪಿನ ಅಚ್ಚಿನಲ್ಲಿ ಕಿರುಬೆರಳಿನ ಹತ್ತಿರ ಒತ್ತಿ ಪ್ರಾಣ ಹಿಂಡುತ್ತಿತ್ತು. ಹಾಗಂತ ಒಂದು ಅಳತೆ ದೊಡ್ಡದು ತಗೊಳ್ಳಬೇಡಿ. ಫಿಟ್ಟರ್ ಆ ಜಾಗದ ಪ್ಲಾಸ್ಟಿಕ್ ಕಾಯಿಸಿ ಹೊರಕ್ಕೆ ಉಬ್ಬಿಸಿಕೊಡುತ್ತಾನೆ. ಅರ್ಧ ಗಂಟೆ ಕೆಲಸ, ನೋವು ಅಲ್ಲಿಗೆ ಮುಗಿಯಿತು. ಇನ್ನೊಂದು ವಿಷಯ ಕಾಲುಚೀಲ. ಚಳಿ ಅಂತ ಎರಡು ಜೊತೆ ಏರಿಸುವುದು ನಮ್ಮಲ್ಲಿ ಜಾಸ್ತಿ. ಎರಡು ಹಾಕಿದರೆ ರಕ್ತ ಓಡಾಡದೆ ಕಾಲು ಇನ್ನೂ ತಣ್ಣಗಾಗುತ್ತದೆ. ತೆಳ್ಳನೆ ಉಣ್ಣೆಯದು ಒಂದೇ ಸಾಕು.

ಬೂಟಿನ ಹಿಂಬದಿಯಲ್ಲಿ ಒಂದು ಸಣ್ಣ ಲಿವರ್ ಇದೆ. ಮುಂದಕ್ಕೆ ಎಷ್ಟು ಬಾಗಿರಬೇಕು ಅನ್ನೋದನ್ನು ಅದು ಹಿಡಿದಿಡುತ್ತದೆ. ನಡೆಯುವಾಗ ಅದನ್ನು ಬಿಟ್ಟರೆ ಮನುಷ್ಯರ ಹಾಗೆ ನಡೆಯಬಹುದು, ಸ್ಕೀ ಬೂಟಿನವರು ಹೊಟ್ಟೆ ಉರಿದುಕೊಳ್ಳುವಷ್ಟು. ನಾನು ಹಿಂದಿನ ಕಾಲನ್ನು ಮುಂದಿನದಕ್ಕಿಂತ ಒಂದು ಹಲ್ಲು ಹೆಚ್ಚು ಬಾಗಿಸಿಟ್ಟುಕೊಳ್ಳುತ್ತೇನೆ.

ಬಾಳಿಕೆ ವಿಷಯಕ್ಕೆ ಬಂದರೆ, ಚಿಪ್ಪು ಇನ್ನೂ ಗಟ್ಟಿ. ಲೈನರ್ ಮಾತ್ರ ಸೋತಿದೆ. ಮೊದಲು ಬಕಲ್ ಎರಡನೇ ಹಲ್ಲಿಗೆ ಸಾಕಾಗುತ್ತಿತ್ತು, ಈಗ ನಾಲ್ಕನೆಯದು. ಇದು ಎಲ್ಲ ಬೂಟಿಗೂ ಇದ್ದದ್ದೇ. ಹಳೆ ಬೂಟ್ ಕೊಳ್ಳುವವರು ಮಾತ್ರ ಹುಷಾರು. ಈ ಪ್ಲಾಸ್ಟಿಕ್‌ಗೂ ವಯಸ್ಸಾಗುತ್ತದೆ. ಕಪಾಟಿನಲ್ಲಿ ಸುಮ್ನೆ ಇಟ್ಟಿದ್ದರೂ ಒಳಗೊಳಗೇ ಪೆಡಸಾಗಿ, ಚಳಿಯಲ್ಲಿ ಒಂದು ದಿನ ಚೂರಾಗುತ್ತದೆ. ಲಿಫ್ಟ್ ಸಾಲಿನಲ್ಲಿ ಒಬ್ಬರ ತೊಂಬತ್ತರ ದಶಕದ ಬೂಟ್ ಹೀಗೆ ಒಡೆದದ್ದನ್ನು ನೋಡಿದ್ದೇನೆ. ಪುಣ್ಯಕ್ಕೆ ಇಳಿಜಾರಿನಲ್ಲಿ ಅಲ್ಲ. ಬೋರ್ಡ್ ಸೆಕೆಂಡ್ ಹ್ಯಾಂಡ್ ಆದರೂ ನಡೆಯುತ್ತದೆ. ಬೂಟ್ ತಯಾರಾದ ವರ್ಷ ಗೊತ್ತಿಲ್ಲದಿದ್ದರೆ ಬೇಡ.

ಬೈಂಡಿಂಗ್ ಬಗ್ಗೆ ಹೇಳುವುದು ಸ್ವಲ್ಪವೇ. ಇಲ್ಲಿ ದೊಡ್ಡ ಚರ್ಚೆ ಎಫ್2 ಮತ್ತು ಕೊಲರಾಡೊದಲ್ಲೇ ಹುಟ್ಟಿದ ಬಾಂಬರ್ ನಡುವೆ. ಬಾಂಬರ್ ಭಾರ, ಗಟ್ಟಿ, ತಲೆಮಾರು ಬಾಳುವಂಥದ್ದು. ಎಫ್2 ಹಗುರ, ಸ್ವಲ್ಪ ಬಳುಕುತ್ತದೆ. ನನಗೆ ಆ ಬಳುಕೇ ಇಷ್ಟ. ಉಬ್ಬುತಗ್ಗಿನಲ್ಲಿ ಮೊಳಕಾಲಿಗೆ ಏಟು ಕಮ್ಮಿ. ಮುಂದಿನ ಕಾಲಿನ ಬೆರಳ ಕೆಳಗೆ ಒಂದು ಆಪು, ಹಿಂದಿನ ಕಾಲಿನ ಹಿಮ್ಮಡಿ ಕೆಳಗೆ ಒಂದು ಆಪು ಇಟ್ಟರೆ ಎರಡೂ ಮೊಳಕಾಲು ಹಿತವಾಗಿ ಒಳಕ್ಕೆ ಬರುತ್ತವೆ. ಇಂಟೆಕ್‌ನಲ್ಲಿ ಬಗ್ಗುವ ಕೆಲಸ ಇಲ್ಲ. ನಿಂತಲ್ಲೇ ಹಿಮ್ಮಡಿ ತುಳಿದರೆ ಟಕ್ ಅನ್ನುತ್ತದೆ, ಬಿಡಿಸಲು ಬೂಟಿನ ಮೇಲಿನ ಹಗ್ಗ ಎಳೆದರೆ ಸಾಕು. ಹಿಮ್ಮಡಿಯಲ್ಲಿ ಐಸ್ ಕಚ್ಚಿದ್ದರೆ ಪಿನ್ ಪೂರ್ತಿ ಕೂರುವುದಿಲ್ಲ, ಪ್ರತಿ ಸಲ ನೋಡಿಕೊಳ್ಳಿ. ಆ ಹಗ್ಗದ ಕೇಬಲ್ ಸವೆಯುತ್ತದೆ, ಒಂದು ಹೆಚ್ಚಿಗೆ ಇಟ್ಟುಕೊಳ್ಳಿ. ಸ್ಕ್ರೂಗಳು ಸಡಿಲ ಆಗುವುದೂ ಮಾಮೂಲಿ, ಜೇಬಿನಲ್ಲಿ ಗಿಡ್ಡ ಸ್ಕ್ರೂಡ್ರೈವರ್ ಇರಲಿ. ನೆನಪಿರಲಿ, ಸ್ಕೀ ಬೈಂಡಿಂಗ್ ಹಾಗೆ ಇದು ಬಿದ್ದಾಗ ತಾನಾಗಿ ಬಿಚ್ಚಿಕೊಳ್ಳುವುದಿಲ್ಲ.

ಬೋರ್ಡಿನ ಮಾತು ಬೇಗ ಮುಗಿಸುತ್ತೇನೆ, ಯಾಕೆಂದರೆ ಅದರಲ್ಲಿ ದೂರುವಂಥದ್ದು ಏನೂ ಸಿಕ್ಕಿಲ್ಲ. ಡೊನೆಕ್ ಚಿಕ್ಕ ಕಾರ್ಖಾನೆ. ನಿಮ್ಮ ತೂಕ, ಎತ್ತರ, ಪಾದದ ಅಳತೆ, ಯಾವ ಥರದ ಹಿಮ ಅಂತ ತಿಳಿದುಕೊಂಡು ಅದಕ್ಕೆ ತಕ್ಕ ಹಾಗೆ ಕಟ್ಟಿಕೊಡುತ್ತಾರೆ. ಕೆನಡಾದ ಕಾಯ್ಲರ್, ಸ್ವಿಟ್ಜರ್ಲೆಂಡಿನ ಕೆಸ್ಲರ್ ಕೂಡ ಇದೇ ಥರ ಹೆಸರು ಮಾಡಿದವು. ನನ್ನದರಲ್ಲಿ ಟೈಟಾನಲ್ ಅನ್ನುವ ಅಲ್ಯೂಮಿನಿಯಂ ಮಿಶ್ರಲೋಹದ ಹಾಳೆ ಇದೆ. ಅದರಿಂದ ಅದುರುವುದು ಕಮ್ಮಿ, ಗಟ್ಟಿ ಹಿಮದ ಮೇಲೂ ಎಡ್ಜ್ ಬಿಡುವುದಿಲ್ಲ. ಅದರ ಇನ್ನೊಂದು ಮುಖ ಏನಂದರೆ, ದೊಡ್ಡ ಉಬ್ಬಿಗೆ ಮೂಗು ಗುದ್ದಿದರೆ ಲೋಹ ಮಡಚಿಕೊಳ್ಳುತ್ತದೆ, ಮತ್ತೆ ನೇರ ಆಗುವುದಿಲ್ಲ. ಎಡ್ಜಿನ ಕೋನ 88 ಡಿಗ್ರಿಗೆ ಇಟ್ಟಿದ್ದೇನೆ, ಹೊರಡುವ ಹಿಂದಿನ ರಾತ್ರಿ ಡೈಮಂಡ್ ಫೈಲ್ ಎಳೆದು, ವ್ಯಾಕ್ಸ್ ಹಾಕಿ ಕೆರೆಯುತ್ತೇನೆ. ಗ್ಯಾರೇಜ್ ತುಂಬ ವ್ಯಾಕ್ಸ್ ಪುಡಿ. ಮನೆಯವಳ ಏಕೈಕ ವಿಮರ್ಶೆ ಇದೇ.

ಇನ್ನು ಈ ಗೇರ್ ನಮ್ಮ ದಿನಚರಿಯನ್ನು ಏನು ಮಾಡುತ್ತದೆ ಅನ್ನೋದು. ಊರೆಲ್ಲ ಹೊಸ ಹಿಮ ಬೀಳಲಿ ಅಂತ ಬೇಡಿಕೊಂಡರೆ ಹಾರ್ಡ್‌ಬೂಟ್‌ನವರು ಬೀಳದಿರಲಿ ಅನ್ನುತ್ತಾರೆ. ನಮಗೆ ಬೇಕಾದ್ದು ರಾತ್ರಿ ಯಂತ್ರ ಓಡಿಸಿ, ಉತ್ತ ಹೊಲದ ಸಾಲಿನ ಹಾಗೆ ಗೆರೆ ಬಿಟ್ಟ ಹದವಾದ ಹಿಮ. ಅದು ಬೆಳಗಿನ ಮೊದಲ ಎರಡು ಮೂರು ಗಂಟೆ ಮಾತ್ರ ಸಿಗುತ್ತದೆ. ಹನ್ನೊಂದೂವರೆ ಹೊತ್ತಿಗೆ ಜನ ತುಳಿದು ಗುಡ್ಡೆ ಗುಡ್ಡೆ ಮಾಡಿರುತ್ತಾರೆ. ಹಾಗಾಗಿ ಐದಕ್ಕೆ ಏಳಬೇಕು, ಐ-70 ಹೆದ್ದಾರಿಯಲ್ಲಿ ಕಾರುಗಳ ಸಾಲು ಬೆಳೆಯುವ ಮೊದಲೇ ಬೆಟ್ಟ ಹತ್ತಬೇಕು. ಲವ್‌ಲ್ಯಾಂಡ್ ಇರುವುದು ಐಸೆನ್‌ಹೋವರ್ ಸುರಂಗದ ಬಾಯಲ್ಲೇ. ಹೆದ್ದಾರಿ ಸ್ಕೀ ಇಳಿಜಾರುಗಳ ಕೆಳಗೇ ಹಾದು ಹೋಗುತ್ತದೆ. ಅದರ ಬುಡವೇ ಸುಮಾರು 10,800 ಅಡಿ, ಅಂದರೆ ನಮ್ಮ ಮುಳ್ಳಯ್ಯನಗಿರಿ ತುದಿಗಿಂತ ನಾಲ್ಕು ಸಾವಿರ ಅಡಿಗೂ ಮೇಲೆ. ಪಾರ್ಕಿಂಗ್‌ನಿಂದ ಲಿಫ್ಟ್ ಹತ್ತಿರ. ಮಧ್ಯಾಹ್ನ ಡಬ್ಬಿಯಲ್ಲಿ ತಂದ ಗೊಜ್ಜವಲಕ್ಕಿ ತಿಂದು, ಉಳಿದವರು ಇನ್ನೂ ಬರುತ್ತಿರುವಾಗ ನಾವು ಮನೆ ದಾರಿ ಹಿಡಿದಿರುತ್ತೇವೆ.

ಚೇರ್‌ಲಿಫ್ಟ್‌ನಲ್ಲಿ ಪಕ್ಕ ಕೂತವರು ಮಾತಾಡಿಸದೆ ಬಿಡುವುದಿಲ್ಲ. ಒಂದು, ಇದೇನು ಅಂತ. ಎರಡು, ಐವತ್ತು ದಾಟಿದವರಾದರೆ, ತಾವೂ ಒಂದು ಕಾಲದಲ್ಲಿ ಇದನ್ನೇ ಓಡಿಸುತ್ತಿದ್ದೆವು ಅಂತ. ಮೂರು, ಇಂಡಿಯಾದಲ್ಲಿ ಹಿಮ ಇದೆಯಾ ಅಂತ. ಎರಡನೆಯದು ಸುಳ್ಳಲ್ಲ. ಎಂಬತ್ತರ ಕೊನೆ, ತೊಂಬತ್ತರ ಮೊದಲಲ್ಲಿ ಯುರೋಪಿನಲ್ಲಂತೂ ಹಾರ್ಡ್‌ಬೂಟ್ ಸರ್ವೇಸಾಮಾನ್ಯ. ಆಮೇಲೆ ಜಿಗಿತದ, ಅರ್ಧ ಕೊಳವೆಯಂಥ ಹಿಮದ ಹಾಫ್‌ಪೈಪ್‌ಗಳ ಕಾಲ ಬಂತು. ಈಗ ಇದು ಉಳಿದಿರುವುದು ಒಲಿಂಪಿಕ್ಸ್ ರೇಸ್‌ಗಳಲ್ಲಿ ಮತ್ತು ನಮ್ಮಂಥ ಕೆಲವು ಹುಚ್ಚರಲ್ಲಿ. ಕೊರಿಯಾ ಮತ್ತು ಜಪಾನ್ ಬೇರೆ ಲೋಕ, ಅಲ್ಲಿ ಕಾರ್ವಿಂಗ್‌ಗೆ ದೊಡ್ಡ ಬಳಗವೇ ಇದೆ. ಅಮೆರಿಕದಲ್ಲಿ ಹುಟ್ಟಿದ ವಿಕ್ ವೈಲ್ಡ್, ಇಲ್ಲಿ ಈ ವಿಭಾಗಕ್ಕೆ ಬೆಂಬಲ ನಿಂತುಹೋದ ಮೇಲೆ ರಷ್ಯಾ ಪರ ಆಡಿ 2014ರಲ್ಲಿ ಸೋಚಿ ಒಲಿಂಪಿಕ್ಸ್‌ನಲ್ಲಿ ಎರಡು ಚಿನ್ನ ಗೆದ್ದರು. 2018ರ ಒಲಿಂಪಿಕ್ಸ್‌ನಲ್ಲಿ ಜೆಕ್ ದೇಶದ ಎಸ್ಟರ್ ಲೆಡೆಟ್ಸ್ಕಾ ಸ್ಕೀಯಿಂಗ್‌ನ ಸೂಪರ್-ಜಿ ರೇಸನ್ನು 0.01 ಸೆಕೆಂಡಿನ ಅಂತರದಲ್ಲಿ ಗೆದ್ದು, ಒಂದು ವಾರದ ಮೇಲೆ ಇಬ್ಬರು ಪಕ್ಕಪಕ್ಕದಲ್ಲಿ ಇಳಿಯುವ ಸ್ನೋಬೋರ್ಡ್ ಪ್ಯಾರಲಲ್ ಜೈಂಟ್ ಸ್ಲಾಲಮ್‌ನಲ್ಲೂ ಚಿನ್ನ ತಗೊಂಡರು. ಲಿಫ್ಟ್ ಮೇಲೆ ಹೋಗುವಷ್ಟರಲ್ಲಿ ಈ ಕಥೆ ಹೇಳಿ ಮುಗಿಸಬಹುದು.

ಇಷ್ಟವಾಗದ್ದೂ ಇದೆ. ಲಿಫ್ಟ್ ಸಾಲಿನಲ್ಲಿ ಒಂದು ಕಾಲು ಬಿಚ್ಚಿ ತಳ್ಳಿಕೊಂಡು ಹೋಗುವಾಗ ಸಪೂರ ಬೋರ್ಡ್ ಹಾವಿನಂತೆ ಹರಿದಾಡುತ್ತದೆ. ಪುಡಿ ಹಿಮ ಮೊಳಕಾಲುದ್ದ ಬಿದ್ದ ದಿನ ಮೂಗು ಮುಳುಗುತ್ತದೆ. ಆ ದಿನ ಅಗಲ ಬೋರ್ಡೇ ಸರಿ. ಭಾನುವಾರದ ಜನಜಂಗುಳಿಯಲ್ಲಿ ಇದು ಅಪಾಯ. ಕಾರ್ವ್ ಮಾಡುವವನು ದಾರಿಯ ಈ ಅಂಚಿನಿಂದ ಆ ಅಂಚಿಗೆ ಹೋಗುತ್ತಾನೆ, ಹಿಂದೆ ಬರುವವರಿಗೆ ಅದು ಅಂದಾಜಿಗೆ ಸಿಗುವುದಿಲ್ಲ. ಕೆಳಗಿರುವವನಿಗೇ ಮೊದಲ ಹಕ್ಕು ಅನ್ನುವ ನಿಯಮ ನಿಜ, ಆದರೆ ನಿಯಮ ಪಕ್ಕೆಲುಬನ್ನು ಕಾಯುವುದಿಲ್ಲ. ಹಿಮ್ಮಡಿ ಬದಿಗೆ ವಾಲುವ ಪ್ರತಿ ತಿರುವಿಗೆ ಮೊದಲು ನಾನು ತಲೆ ತಿರುಗಿಸಿ ಮೇಲೆ ನೋಡುತ್ತೇನೆ.

ಬೆಂಗಳೂರಿನಿಂದ ಗುಲ್ಮಾರ್ಗ್‌ಗೆ ಹೋಗಿ ಕಲಿಯುವ ಆಸೆ ಇರುವವರು ಈ ಗೇರ್ ಹೊತ್ತುಕೊಂಡು ಹೋಗಬೇಡಿ. ಗುಲ್ಮಾರ್ಗ್ ಹೆಸರುವಾಸಿಯಾಗಿರುವುದೇ ಪುಡಿ ಹಿಮಕ್ಕೆ. ಅಲ್ಲಿಗೆ ಮೆತ್ತನೆ ಬೂಟು, ಅಗಲ ಬೋರ್ಡೇ ಬೇಕು.

ಖರ್ಚು ಕೇಳುತ್ತೀರಿ ಅಂತ ಗೊತ್ತು. ಬೋರ್ಡ್ ಒಂದಕ್ಕೇ ಸಾವಿರ ಡಾಲರ್ ದಾಟಿತು. ಬೂಟ್ ಮತ್ತು ಬೈಂಡಿಂಗ್ ಸೇರಿ ಹೆಚ್ಚುಕಮ್ಮಿ ಇನ್ನೊಂದು ಸಾವಿರ. ಹೊಸಬರು ಮೊದಲು ಹೊಸ ಬೂಟ್ ಕೊಂಡು, 160 ಸೆಂ.ಮೀ. ಆಸುಪಾಸಿನ ಹಳೆ ಬೋರ್ಡ್ ಅಗ್ಗಕ್ಕೆ ಹುಡುಕಿದರೆ ಅರ್ಧ ಖರ್ಚಿನಲ್ಲಿ ಶುರು ಮಾಡಬಹುದು. ಬಾಡಿಗೆ ಅಂಗಡಿಗಳಲ್ಲಿ ಇದು ಸಿಗುವುದು ಅಪರೂಪ, ಗುರುತಿದ್ದವರ ಹತ್ತಿರ ಕಡ ತಗೊಳ್ಳುವುದೇ ದಾರಿ. ಡೆನ್ವರ್ ಕಡೆ ಇದ್ದು, ಕಾಲಿನ ಅಳತೆ 26.5 ಇದ್ದರೆ ನನ್ನದನ್ನೇ ಒಂದು ಬೆಳಗ್ಗೆ ಕೊಡುತ್ತೇನೆ. ಕಾಲುಚೀಲ ಮಾತ್ರ ನಿಮ್ಮದೇ ತನ್ನಿ.