ಹೈಡ್ರಾಲಿಕ್ ಮಂಚ ಕೊಳ್ಳೋ ಮೊದಲು ಗಾದಿ ಎತ್ತಿ ನೋಡಿ

ಡೊಂಬಿವಲಿ, ಠಾಣೆ, ಮುಲುಂಡ್ ಕಡೆ ಸಣ್ಣ ಮನೆಯಲ್ಲಿರುವವರು ಯಾರಾದರೂ ಈ ದೀಪಾವಳಿಗೆ ಗಾದಿ ಹಾಸುವ ಹಲಗೆ ಎತ್ತಿ ಒಳಗೆ ಸಾಮಾನು ಇಡುವ ಹೈಡ್ರಾಲಿಕ್ ಮಂಚ ತರೋಣ ಅಂತಿದ್ದರೆ, ಅಡ್ವಾನ್ಸ್ ಕೊಡುವ ಮೊದಲು ಇದನ್ನು ಓದಿಬಿಡಿ. ನಮ್ಮನೆಯಲ್ಲಿ ಅದರ ಹಲಗೆ ನನ್ನ ಹೆಂಡತಿಯ ಮುಂಗೈ ಮೇಲೆ ಬಿತ್ತು. ಮೂಳೆ ಮುರಿಯಲಿಲ್ಲ, ಪುಣ್ಯ. ತೋಳು ನೀಲಿಗಟ್ಟಿತ್ತು.

ನಮ್ಮ ಬೆಡ್‌ರೂಮ್ ಹತ್ತಕ್ಕೆ ಒಂಬತ್ತು ಅಡಿ. ಮುಂಬೈ ಲೆಕ್ಕಕ್ಕೆ ಅದೇನು ಸಣ್ಣದಲ್ಲ ಬಿಡಿ. ಆದರೆ ಊರಿಂದ ಬಂದವರಿಗೆ ಹಾಸಿಗೆ, ರಜಾಯಿ, ಮಕ್ಕಳ ಹಳೇ ಪುಸ್ತಕ, ಗಣಪತಿ ಮಂಟಪದ ಸಾಮಾನು, ಇವನ್ನೆಲ್ಲ ಎಲ್ಲಿಡೋದು? ಮಂಚದ ಹೊಟ್ಟೆಯೇ ಗತಿ. ಅಂಗಡಿಯವನು ಒಂದೇ ಕೈಯಲ್ಲಿ ಹಲಗೆ ಎತ್ತಿ ತೋರಿಸಿದ. ‘ಬಚ್ಚಾ ಭೀ ಉಠಾ ಲೇಗಾ ಸಾಬ್’, ಮಗು ಕೂಡ ಎತ್ತುತ್ತೆ ಅಂದ. ಪ್ಲೈವುಡ್ಡೇನಾ ಅಂತ ಕೇಳಿದ್ದಕ್ಕೆ ‘ಏಕ್‌ದಮ್ ಪ್ಲೈ’ ಅಂದ. ಅದನ್ನೇ ವಾಟ್ಸಾಪ್‌ನಲ್ಲೂ ಬರೆದು ಕಳಿಸಿದ.

ಅಂಗಡಿಯಲ್ಲಿ ಅದು ಅಷ್ಟು ಹಗುರ ಅನಿಸಿದ್ದು ಯಾಕೆ ಗೊತ್ತಾ? ಅಲ್ಲಿ ಹಾಸಿದ್ದು ತೆಳ್ಳಗಿನ ಫೋಮ್. ನಮ್ಮ ಮನೆಯಲ್ಲಿರುವುದು ಊರಲ್ಲಿ ತುಂಬಿಸಿ ತಂದ ಹತ್ತಿ ಗಾದಿ, ಇಬ್ಬರು ಹಿಡಿದು ಬಿಸಿಲಿಗೆ ಹಾಕಬೇಕು. ಹಲಗೆಯ ಎರಡೂ ಬದಿ ಇರುವ ಕಡ್ಡಿಗಳಲ್ಲಿ ನೈಟ್ರೋಜನ್ ಗ್ಯಾಸನ್ನು ಒತ್ತಿ ತುಂಬಿರುತ್ತಾರೆ. ಆ ಒತ್ತಡವೇ ಹಲಗೆಯನ್ನು ಎತ್ತುವುದು. ಯಾವ ಕಡ್ಡಿಗೆ ಎಷ್ಟು ತಾಕತ್ತು ಅಂತ ಅದರ ಮೈಮೇಲೇ 600, 800, 1000 ನ್ಯೂಟನ್ ಅಂತ ಅಚ್ಚಾಗಿರುತ್ತದೆ. ನೂರು ನ್ಯೂಟನ್ ಅಂದರೆ ಸುಮಾರು ಹತ್ತು ಕಿಲೋ ಭಾರದಷ್ಟು ಒತ್ತು. ಗಾದಿ ಭಾರವಾಗಿ ಕಡ್ಡಿ ಸಣ್ಣದಾದರೆ ಹಲಗೆ ಮೇಲೆ ನಿಲ್ಲುವುದಿಲ್ಲ. ಗಾದಿ ಹಗುರವಾಗಿ ಕಡ್ಡಿ ದೊಡ್ಡದಾದರೆ ಮಂಚ ಸರಿಯಾಗಿ ಮುಚ್ಚುವುದೇ ಇಲ್ಲ. ಅಂದಮೇಲೆ ಗಾದಿ ಯಾವುದು, ತೂಕ ಎಷ್ಟು ಅಂತ ಮಾರುವವನೇ ಕೇಳಬೇಕು ಅಲ್ವಾ? ನಮ್ಮನ್ನು ಯಾರೂ ಕೇಳಲಿಲ್ಲ.

ಇನ್ನೊಂದು ವಿಷಯ. ಹಲಗೆ ಪೂರ್ತಿ ಮೇಲಿದ್ದಾಗ ಕಡ್ಡಿ ಚೆನ್ನಾಗಿ ಹಿಡಿದಿರುತ್ತದೆ. ಕೆಳಗಿಳಿಸುತ್ತಾ ಬಂದ ಹಾಗೆ ಅದು ಅಡ್ಡಡ್ಡ ಮಲಗುತ್ತದೆ, ಹಿಡಿತ ಕಡಿಮೆಯಾಗುತ್ತದೆ. ಕೊನೆಯ ಸ್ವಲ್ಪ ದೂರ ಹಲಗೆ ತನ್ನ ಭಾರಕ್ಕೇ ಧಪ್ ಅಂತ ಕೂರುತ್ತದೆ. ಚಿಕ್ಕ ಮಕ್ಕಳಿರುವ ಮನೆಯವರು ಇದನ್ನು ಮರೆಯಬೇಡಿ. ಅಂಚಿನ ಮೇಲೆ ಬೆರಳಿಟ್ಟುಕೊಂಡು ಇಣುಕಿ ನೋಡುವುದು ಮಕ್ಕಳೇ.

ನಮ್ಮಲ್ಲಿ ಆಗಿದ್ದು ಮಾತ್ರ ಬೇರೆ. ಮಂಚ ಬಂದಾಗ ಬೇಸಿಗೆ. ಜುಲೈ ಮಳೆ ಹಿಡಿದ ಮೇಲೆ ಪಶ್ಚಿಮದ ಗೋಡೆ ಜಿನುಗತೊಡಗಿತು. ಇಲ್ಲಿಯ ಹಳೇ ಕಟ್ಟಡಗಳಲ್ಲಿ ಇದು ಹೊಸದಲ್ಲ. ಮಂಚಕ್ಕೆ ಕಾಲಿಲ್ಲ, ಪೆಟ್ಟಿಗೆ ನೇರ ನೆಲದ ಮೇಲೆ ಕೂತಿದೆ. ಗಾಳಿಗೆ ಒಂದು ತೂತೂ ಇಲ್ಲ. ಒಳಗಿಟ್ಟ ಸೀರೆಗಳಿಗೆ ಮುಗ್ಗಲು ವಾಸನೆ ಬಂತು, ಗಾದಿಯ ಕೆಳಬದಿಗೆ ಬೂಷ್ಟು ಹಿಡಿಯಿತು. ಒಂದು ದಿನ ಹೆಂಡತಿ ರಜಾಯಿ ತೆಗೆಯಲು ಬಗ್ಗಿದ್ದಾಗ ಬಲಗಡೆಯ ಕಡ್ಡಿ ಸ್ಕ್ರೂ ಸಮೇತ ಕಿತ್ತು ಬಂತು. ಹಲಗೆ ಓರೆಯಾಗಿ ತಿರುಚಿಕೊಂಡು ಕೆಳಗೆ ಬಿತ್ತು.

ಸ್ಕ್ರೂ ಕಿತ್ತ ಜಾಗವನ್ನು ಟಾರ್ಚ್ ಹಾಕಿ ನೋಡಿದೆ. ಮೇಲೆ ತೇಗದ ಬಣ್ಣದ ಸನ್‌ಮೈಕಾ. ಅದರ ಕೆಳಗೆ ನೆನೆದ ರಸ್ಕಿನ ಹಾಗೆ ಉಬ್ಬಿದ ಹೊಟ್ಟು. ಉಗುರಲ್ಲಿ ಕೆರೆದರೆ ಪುಡಿಪುಡಿಯಾಗಿ ಉದುರುತ್ತಿತ್ತು. ಪ್ಲೈವುಡ್ ಆಗಿದ್ದರೆ ಪದರ ಪದರ ಕಾಣಬೇಕು. ಇದು ಪಾರ್ಟಿಕಲ್ ಬೋರ್ಡ್, ಮರದ ಹೊಟ್ಟನ್ನು ಅಂಟು ಹಾಕಿ ಒತ್ತಿದ್ದು. ಒಣ ಜಾಗದಲ್ಲಿ ಪುಸ್ತಕದ ಶೆಲ್ಫಿಗೆ ನಡೆಯುತ್ತದೆ, ತಕರಾರಿಲ್ಲ. ಆದರೆ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೂ ಮೊದಲಿನ ಹಾಗೆ ಆಗುವುದಿಲ್ಲ. ಕಡ್ಡಿ ಜಗ್ಗುವ ಜಾಗಕ್ಕೆ ಅದನ್ನು ಹಾಕಿ ಸ್ಕ್ರೂ ಹೊಡೆದಿದ್ದರು. ಒಮ್ಮೆ ಬಿಚ್ಚಿದ ತೂತಿನಲ್ಲಿ ಸ್ಕ್ರೂ ಎರಡನೇ ಸಲ ಗಟ್ಟಿಯಾಗಿ ಕೂರುವುದೂ ಕಷ್ಟ. ಹನ್ನೊಂದು ತಿಂಗಳ ಅಗ್ರಿಮೆಂಟ್ ಮೇಲೆ ಬಾಡಿಗೆ ಮನೆ ಬದಲಿಸುತ್ತಾ ಇರುವವರಿಗೆ ಇಂಥ ಮಂಚ ಸುಮ್ನೆ ದಂಡ.

ಅಂಗಡಿಗೆ ಹೋದರೆ ‘ವಾರಂಟಿ ಇದೆ, ಆದರೆ ತೇವಕ್ಕೆ ಇಲ್ಲ’ ಅಂದರು. ಮುಂಬೈಯಲ್ಲಿ ತೇವಕ್ಕೆ ವಾರಂಟಿ ಇಲ್ಲದಿದ್ದರೆ ಇನ್ಯಾತಕ್ಕೆ? ಬಿಲ್ಲಿನಲ್ಲಿ ‘ಬೆಡ್ ವಿತ್ ಸ್ಟೋರೇಜ್’ ಅಂತ ಒಂದೇ ಸಾಲು. ವಾಟ್ಸಾಪ್‌ನ ಆ ‘ಪ್ಲೈ’ ಮೆಸೇಜು ಉಳಿದಿದ್ದಕ್ಕೆ 1915ಕ್ಕೆ ಫೋನ್ ಮಾಡಿ ದೂರು ಕೊಡಲು ಒಂದು ಆಧಾರ ಸಿಕ್ಕಿತು. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅಂಗಡಿ ಎಲ್ಲೇ ಇರಲಿ, ನಾವು ಇರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಕೊಟ್ಟ ದುಡ್ಡು 5 ಲಕ್ಷದೊಳಗಿದ್ದರೆ ಫೀ ಇಲ್ಲ.

ನೀವು ಹೋದಾಗ ಮೊದಲು ಗಾದಿ ಎತ್ತಿಸಿ. ಹಲಗೆಯ ಕೆಳಬದಿ, ಸ್ಕ್ರೂ ತೂತು, ಸನ್‌ಮೈಕಾ ಹಚ್ಚದ ಅಂಚು, ಎಲ್ಲಾದರೂ ಒಂದು ಕಡೆ ಒಳಗಿನ ಮಾಲು ಕಂಡೇ ಕಾಣುತ್ತದೆ. ಪ್ಲೈ ಅಂದರೆ ನೀರು ತಡೆಯುವ ಮರೈನ್ ಪ್ಲೈಗೆ ಹಾಕುವ ಐಎಸ್ 710 ಗುರುತು ತೋರಿಸಿ ಅನ್ನಿ, ಅದನ್ನು ಬಿಲ್ಲಿನಲ್ಲೇ ಬರೆಸಿ. ಕಡ್ಡಿಯ ನ್ಯೂಟನ್ನೂ ಬರೆಸಿ. ಕಡ್ಡಿ ಕೂರುವ ಫ್ರೇಮು ಕಬ್ಬಿಣದ್ದಾಗಿದ್ದರೆ ಇನ್ನೂ ಒಳ್ಳೆಯದು. ಕ್ವೀನ್ ಸೈಜ್ 78ಕ್ಕೆ 60 ಇಂಚು ಅನ್ನುವುದು ಗಾದಿಯ ಅಳತೆ. ಮಂಚದ ಹೊರ ಅಳತೆ ಬೇರೆ, ತಲೆಯ ಕಡೆಯ ಹಲಗೆ ಸೇರಿದರೆ ಇನ್ನೂ ಜಾಸ್ತಿ. ಕಾಲಿನ ಕಡೆ ನಿಂತು ಎತ್ತುವ ಮಂಚವಾದರೆ ಅಲ್ಲಿ ನಿಲ್ಲಲು ಎರಡಡಿಯಾದರೂ ಬೇಕು, ಕಪಾಟಿನ ಬಾಗಿಲು ಅದೇ ಜಾಗಕ್ಕೆ ತೆರೆಯಬಾರದು.

ಗೋಡೆಗೆ ಮಡಚುವ ಮಂಚ ತಗೊಳ್ಳಬಹುದಲ್ಲಾ ಅಂತ ಕೆಲವರು ಹೇಳಿದರು. ತಗೊಳ್ಳಿ, ಆದರೆ ಗೋಡೆ ಯಾವುದು ಅಂತ ಮೊದಲು ತಿಳಿದುಕೊಳ್ಳಿ. ಹೊಸ ಟವರುಗಳ ಒಳಗೋಡೆ ಎಷ್ಟೋ ಕಡೆ ಎಎಸಿ ಬ್ಲಾಕಿನದು, ಅಂದರೆ ಒಳಗೆಲ್ಲ ಗಾಳಿಗುಳ್ಳೆ ಇರುವ ಹಗುರ ಸಿಮೆಂಟ್ ಇಟ್ಟಿಗೆಯದು. ಅದರಲ್ಲಿ ಸ್ಕ್ರೂ ಹಿಡಿಯಲು ತೂತಿಗೆ ಹಾಕುವ ಮಾಮೂಲಿ ರಾವಲ್‌ಪ್ಲಗ್ ನಿಲ್ಲುವುದಿಲ್ಲ.

ನಮ್ಮ ದೂರು ಇನ್ನೂ ನಡೆಯುತ್ತಿದೆ. ಫೋಟೋ ಎಲ್ಲ ತೆಗೆದಿಟ್ಟು, ಮೊನ್ನೆ ಗುಜರಿಯ ಭಂಗಾರ್‌ವಾಲಾನನ್ನು ಕರೆದೆವು. ಎರಡು ಕಡ್ಡಿ, ನಾಲ್ಕು ಕಬ್ಬಿಣದ ಪಟ್ಟಿ ತೂಕಕ್ಕೆ ಹಾಕಿಕೊಂಡ. ಹಲಗೆ ಬೇಡ ಅಂದ. ಅದನ್ನು ಕೆಳಗೆ ಇಳಿಸಿಕೊಡೋಕೆ ನಮ್ಮ ಹತ್ತಿರವೇ ಮುನ್ನೂರು ಕೇಳಿದ.