ಬಾಟಲಿಯ ಆರ್ಕಿಡ್ ಸಸಿಯೋ, ಪಳಗಿಸಿದ ಸಸಿಗಳ ಕುಂಡವೋ?

ಉಡುಪಿಯಂತಹ ಊರಿನಲ್ಲಿದ್ದು ಪುಟ್ಟ ಆರ್ಕಿಡ್‌ಗಳನ್ನು ಎಳವೆಯಿಂದಲೇ ಬೆಳೆಸಬೇಕೆಂದಿರುವವರು, ಪ್ರಯೋಗಾಲಯದಲ್ಲಿ ಬೀಜದಿಂದ ಮೊಳೆಸಿದ ಸಸಿಗಳಿರುವ ಮುಚ್ಚಿದ ಬಾಟಲಿಯನ್ನು ಹಾಗೆಯೇ ಕೊಳ್ಳುವುದಕ್ಕಿಂತ ಹೊರಗಿನ ಗಾಳಿಗೆ ಪಳಗಿಸಿದ ಸಸಿಗಳ ಕುಂಡವನ್ನು ಕೊಳ್ಳುವುದೇ ಲೇಸು ಎಂಬುದು ಎರಡನ್ನೂ ಒಂದೇ ವರ್ಷ, ಒಂದೇ ಜಗಲಿಯಲ್ಲಿ ಬೆಳೆಸಿ ನೋಡಿದ ನನ್ನ ಅಭಿಪ್ರಾಯ. ಎರಡರಲ್ಲಿಯೂ ಇದ್ದುದು ಫಿಲಿಪ್ಪೀನ್ಸ್ ಮತ್ತು ತೈವಾನ್ ಮೂಲದ ಫೆಲನೋಪ್ಸಿಸ್ ಇಕ್ವೆಸ್ಟ್ರಿಸ್ ಎಂಬ ಪುಟ್ಟ ಆರ್ಕಿಡ್. ದಕ್ಷಿಣ ಅಮೆರಿಕದ ತಂಪಾದ ಆಂಡೀಸ್ ಬೆಟ್ಟಗಳ ಮಾಸ್ಡೆವಾಲಿಯಾ ಎಂಬ ಆರ್ಕಿಡ್ ನಮ್ಮ ಸೆಖೆಗೆ ಬಾಳುವುದಿಲ್ಲ, ಇದು ಬಾಳುತ್ತದೆ.

ಇಪ್ಪತ್ತೈದು ಸಸಿಗಳ ಬಾಟಲಿಗೆ 1,800 ರೂಪಾಯಿ, ಹತ್ತು ಸಸಿಗಳ ಕುಂಡಕ್ಕೆ 1,200 ರೂಪಾಯಿ ಕೊಟ್ಟಿದ್ದೆ. ಬಾಟಲಿಯೇ ಅಗ್ಗವೆಂದು ಆಗ ತೋರಿತ್ತು.

ತೊಡಕು ಆರಂಭವಾದದ್ದು ಬಾಟಲಿ ಬಂದ ದಿನವೇ. ಜೂನ್ ಎರಡನೆಯ ವಾರ, ಮಳೆ ಹಿಡಿದು ಸುರಿಯುತ್ತಿತ್ತು. ಕೊರಿಯರ್‌ನಲ್ಲಿ ಕುಲುಕಿ ಕುಲುಕಿ ಅಗರ್ (ಬಾಟಲಿಯಲ್ಲಿ ಸಸಿಗಳು ಬೇರೂರಿರುವ ಜೆಲ್ಲಿಯಂತಹ ಪದಾರ್ಥ) ಒಡೆದು, ಸಸಿಗಳು ತಲೆಕೆಳಗಾಗಿ ಅದರಲ್ಲಿ ಹೂತುಹೋಗಿದ್ದವು. ಅಗರ್ ಗಟ್ಟಿಯಾಗಿ ಉಳಿದಿದ್ದರೆ ಮುಚ್ಚಳ ತೆರೆಯದೆ ಮಳೆಗಾಲ ಮುಗಿಯುವವರೆಗೆ ಕಿಟಕಿಯ ಬಳಿ ಇಡಬಹುದಿತ್ತು. ಈಗ ತೆರೆಯದೆ ಬೇರೆ ದಾರಿಯೇ ಇರಲಿಲ್ಲ. ಆರ್ಕಿಡ್ ಬೀಜದಲ್ಲಿ ಮೊಳಕೆಗೆ ಬೇಕಾದ ಆಹಾರದ ಸಂಗ್ರಹವಿರುವುದಿಲ್ಲ. ಕಾಡಿನಲ್ಲಿ ಒಂದು ಬಗೆಯ ಶಿಲೀಂಧ್ರ ಅದನ್ನು ಪೋಷಿಸುತ್ತದೆ. ಶಿಲೀಂಧ್ರದ ಬದಲು ಸಕ್ಕರೆ ಬೆರೆಸಿದ ಅಗರ್ ಸಾಕೆಂದು 1922ರಲ್ಲಿ ಅಮೆರಿಕದ ಸಸ್ಯವಿಜ್ಞಾನಿ ಲೂಯಿಸ್ ನಡ್ಸನ್ ತೋರಿಸಿಕೊಟ್ಟರು. ಬಾಟಲಿಯೊಳಗೆ ಸಸಿಯನ್ನು ಸಾಕಿದ ಆ ಸಕ್ಕರೆಯೇ ಹೊರಗೆ ಬಂದಾಗ ಬೂಸ್ಟನ್ನು ಸಾಕುತ್ತದೆ. ಹಾಗಾಗಿ ಉಗುರುಬೆಚ್ಚಗಿನ ನೀರಿನಲ್ಲಿ, ಮಕ್ಕಳ ಬಣ್ಣದ ಕುಂಚದಿಂದ, ಒಂದೊಂದೇ ಬೇರಿನ ಸಂದಿನ ಲೋಳೆಯನ್ನು ತೊಳೆಯುತ್ತ ಇಡೀ ಸಂಜೆ ಕುಳಿತೆ. ಎಷ್ಟು ಜಾಗ್ರತೆ ವಹಿಸಿದರೂ ಕೆಲವು ಬೇರುಗಳು ಮುರಿದವು.

ಬಾಟಲಿಯಿಂದ ತೆಗೆದ ಹೊಸ ಸಸಿಗಳನ್ನು ಪಾಚಿಯಲ್ಲಿ (ಮಾಸ್) ನೆಟ್ಟು ಪಾರದರ್ಶಕ ಡಬ್ಬಿಯಲ್ಲಿ ಮುಚ್ಚಿಡಬೇಕೆಂಬ ಸಲಹೆಯನ್ನು ಎಲ್ಲ ಕಡೆ ಓದಿದ್ದೆ, ಹಾಗೆಯೇ ಮಾಡಿದೆ. ಆದರೆ ಆ ಸಲಹೆ ಒಣ ಹವೆಯ ಊರಿಗೆ ಸರಿ. ಜೂನ್ ತಿಂಗಳ ಕರಾವಳಿಯಲ್ಲಿ, ಒಗೆದ ಬಟ್ಟೆ ಮೂರು ದಿನವಾದರೂ ಒಣಗದಿರುವಾಗ, ಸಸಿಗೆ ಬೇಕಾದದ್ದು ತೇವವಲ್ಲ, ಗಾಳಿ. ಕರೆಂಟ್ ಹೋದಾಗಲೆಲ್ಲ ಫ್ಯಾನೂ ನಿಲ್ಲುತ್ತಿತ್ತು. ಒಂಬತ್ತನೆಯ ದಿನ ಮುಚ್ಚಳ ತೆಗೆದರೆ ಒಂದು ಸಸಿಯ ಎಲೆಯ ಬುಡ ಪಾಯಸದಲ್ಲಿ ಬೆಂದ ಸಾಬಕ್ಕಿಯಂತೆ ಪಾರದರ್ಶಕವಾಗಿತ್ತು; ಮುಟ್ಟಿದೊಡನೆ ಎಲೆ ಬೆರಳಿಗೇ ಬಂತು. ಆಗಸ್ಟ್ ಮುಗಿಯುವಷ್ಟರಲ್ಲಿ ಇಪ್ಪತ್ತೈದರಲ್ಲಿ ಉಳಿದದ್ದು ಆರು. (ಅಡಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣವನ್ನು ಇಂತಹ ಎಳೆ ಸಸಿಗಳಿಗೆ ಹಾಕಬೇಡಿ, ತಾಮ್ರದ ಅಂಶ ಇವುಗಳಿಗೆ ಹಾನಿ ಮಾಡುತ್ತದೆ.)

ಕುಂಡದ ಸಸಿಗಳು ಅದೇ ವಾರ ಬಂದಿದ್ದವು. ಅವುಗಳ ಎಲೆ ದಪ್ಪವಾಗಿದ್ದು, ಇದ್ದಿಲು ಮತ್ತು ತೆಂಗಿನ ಸಿಪ್ಪೆಯ ಚೂರುಗಳ ನಡುವೆ ಹಸಿರು ತುದಿಯ ಹೊಸ ಬೇರುಗಳು ಆಗಲೇ ಇಳಿದಿದ್ದವು. ಮಳೆನೀರು ನೇರವಾಗಿ ಬೀಳದಂತೆ ಜಗಲಿಯ ಪಕಾಸಿಗೆ ತೂಗುಹಾಕಿದ್ದನ್ನು ಬಿಟ್ಟರೆ ಹೆಚ್ಚೇನೂ ಮಾಡಲಿಲ್ಲ. ಹತ್ತರಲ್ಲಿ ಒಂಬತ್ತು ಉಳಿದವು.

ಲೆಕ್ಕ ಹಾಕಿದರೆ ಬಾಟಲಿಯಿಂದ ಉಳಿದ ಸಸಿಯೊಂದಕ್ಕೆ 300 ರೂಪಾಯಿ, ಕುಂಡದ್ದಕ್ಕೆ ಸುಮಾರು 133 ರೂಪಾಯಿ ಬಿದ್ದಿದೆ. ಬೀಜದಿಂದ ಬಂದ ಸಸಿಗಳಲ್ಲಿ ಹೂವಿನ ಬಣ್ಣ ಒಂದರಂತೆ ಇನ್ನೊಂದಕ್ಕೆ ಇರುವುದಿಲ್ಲವಾದ್ದರಿಂದ, ಹೆಚ್ಚು ಸಸಿಗಳಿರುವ ಬಾಟಲಿಯಲ್ಲಿ ಆರಿಸಿಕೊಳ್ಳುವ ಅವಕಾಶ ಹೆಚ್ಚು ಎಂಬುದನ್ನು ಒಪ್ಪುತ್ತೇನೆ. ಆದರೆ ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಹೊರಟು ಸಂಜೆ ಏಳಕ್ಕೆ ಮರಳುವ ನನಗೆ ದಿನಕ್ಕೆ ನಾಲ್ಕು ಸಲ ಮುಚ್ಚಳ ತೆರೆದು ನೋಡಲು ಸಾಧ್ಯವಿಲ್ಲ. ಇನ್ನೊಮ್ಮೆ ಬಾಟಲಿ ಕೊಂಡರೆ ಅದು ನವೆಂಬರಿನಲ್ಲಿ, ಅದೂ ಅಗರ್ ಅಲುಗದಂತೆ ನಾನೇ ಕೈಯಲ್ಲಿ ಹಿಡಿದು ತರಬಹುದಾದರೆ ಮಾತ್ರ.